ಆಸ್ಪತ್ರೆಯೆಂಬ ಅನುಪಾನ

ಹಾವಿನ ಪಂಡಿತರ ಮನೆಯಲ್ಲಿ ಔಷಧಿ ಎಂದೂ ತಪ್ಪು ಮಾಡಿದ್ದಿಲ್ಲ. ತಪ್ಪು ಮಾಡುವುದೇನಿದ್ದರೂ ರೋಗಿ. ಪಂಡಿತರ ತಂದೆಯ ಕಾಲದಲ್ಲಿ ಹಾವು ಕಚ್ಚಿಸಿಕೊಂಡು ಬಂದವರಲ್ಲಿ ಹತ್ತಕ್ಕೆ ಇಬ್ಬರೋ ಮೂವರೋ ಅದೇ ಜಗಲಿಯ ಮೇಲೆ ಕಣ್ಣು ಮುಚ್ಚಿದ್ದುಂಟು. ಆದರೆ ಅವರಲ್ಲಿ ಒಬ್ಬರೂ ವಿಷದಿಂದ ಸತ್ತವರಲ್ಲ, ಔಷಧಿ ನಾಟದೆ ಸತ್ತವರಂತೂ ಅಲ್ಲವೇ ಅಲ್ಲ. ಎಲ್ಲರೂ ಪಥ್ಯ ಕೆಟ್ಟು ಸತ್ತವರು. ಒಬ್ಬ ದಾರಿಯಲ್ಲಿ ನೀರು ಕುಡಿದಿದ್ದ. ಒಬ್ಬಳು ಬರುವಾಗ ಹಿಂತಿರುಗಿ ನೋಡಿದ್ದಳು. ಇನ್ನೊಬ್ಬನ ಜೇಬನ್ನು, ಸತ್ತ ಮೇಲೆ ತಡಕಿ ನೋಡಿದಾಗ, ಈರುಳ್ಳಿಯ ಒಂದು ಸಿಪ್ಪೆ ಸಿಕ್ಕಿತ್ತು. ಸತ್ತವನು ಎದ್ದು ಕೂತು ವಾದ ಮಾಡುವ ಹಾಗಿಲ್ಲವಲ್ಲ, ಔಷಧಿಯ ಹೆಸರಿಗೆ ಒಂದು ಚೂರೂ ಮುಕ್ಕಾಗದೆ ಮಗನ ಕಾಲಕ್ಕೆ ಬಂತು.

ಈ ಮನೆಗೆ ಸೊಸೆಯಾಗಿ ಬಂದವಳು ಪಥ್ಯದಮ್ಮ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಅದನ್ನು ಈಗ ಅವಳ ಒಡಹುಟ್ಟಿದ ತಮ್ಮನೂ ಮರೆತಿದ್ದಾನೆ. ಮದುವೆಯಾಗಿ ಐದು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಪಕ್ಕದ ಬೀದಿಯ ಹೊಲಿಗೆಯಾಕೆಯನ್ನು ಜಗಲಿಗೆ ಹೊತ್ತು ತಂದರು. ಸೊಸೆಗೆ ಆ ಊರಿನಲ್ಲಿ ಇದ್ದ ಒಬ್ಬಳೇ ಗೆಳತಿ ಅವಳು. ಅಳತೆ ತೆಗೆಯುವ ನೆಪದಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ನಗಿಸುತ್ತಿದ್ದವಳು. ಮಾವ ಅವಳ ತೊಡೆಗೆ ಹಗ್ಗ ಬಿಗಿದರು, ಗಾಯ ಕೊಯ್ದು ಸೊಪ್ಪು ತುಂಬಿದರು, ಬಾಯಿಗೆ ಒಂದು ಲೋಟ ರಸ ಹೊಯ್ದರು. ಹೊಲಿಗೆಯಾಕೆ ಪಥ್ಯದಮ್ಮನ ಮಡಿಲಲ್ಲಿ ತಲೆಯಿಟ್ಟಳು. ಮೊದಲು ರೆಪ್ಪೆ ಜೋತವು, ಆಮೇಲೆ ಮಾತು ತೊದಲಿತು, ಆಮೇಲೆ ಉಸಿರು ನಿಂತಿತು. ಅವಳ ಎಂಟು ವರ್ಷದ ಮಗಳು ಜಗಲಿಯ ಕಂಬ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತ ನಿಂತಿದ್ದಳು.

ಮಾವ ಕೈ ತೊಳೆದುಕೊಳ್ಳುತ್ತ, "ಸೂಜಿ ಮುಟ್ಟಿ ಬಂದಿದ್ದಾಳೆ. ಕಬ್ಬಿಣ ಮುಟ್ಟಿದ್ರೆ ಪಥ್ಯ ಕೆಡುತ್ತೆ," ಅಂದರು.

ಹೊಲಿಗೆಯವಳು ಸೂಜಿ ಮುಟ್ಟದೆ ಇನ್ನೇನು ಮುಟ್ಟಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಆಗಷ್ಟೇ ಗಾಯ ಕೊಯ್ದ ಚಾಕು ಮಾವನ ಮಗ್ಗುಲಲ್ಲೇ ಬಿದ್ದಿತ್ತು. ಅದೂ ಕಬ್ಬಿಣದ್ದೇ.

ಪಥ್ಯದಮ್ಮ ಅತ್ತಳು, ಮೂರು ದಿನ ಅನ್ನ ಬಿಟ್ಟಳು, ನಾಲ್ಕನೆಯ ದಿನ ಎದ್ದು ಯೋಚನೆ ಮಾಡಿದಳು. ಈ ಮನೆಯಲ್ಲಿ ಔಷಧಿಯ ತಂಟೆಗೆ ಹೋದರೆ ಮನೆ ಬಿಟ್ಟು ಹೋಗಬೇಕಾಗುತ್ತದೆ. ಆದರೆ ಪಥ್ಯ? ಸೊಪ್ಪು ಕೀಳುವುದು ಗಂಡಸಿನ ಕೆಲಸ. ಅದನ್ನು ಅರೆಯುವುದೂ ಪಥ್ಯ ಹೇಳುವುದೂ ಹೆಂಗಸಿನ ಕೆಲಸ ಎಂದು ಮೂರು ತಲೆಮಾರಿನಿಂದ ನಡೆದು ಬಂದಿತ್ತು. ಪಥ್ಯಕ್ಕೆ ಜನರನ್ನು ಕೊಲ್ಲುವಷ್ಟು ಶಕ್ತಿ ಇರುವುದಾದರೆ ಬದುಕಿಸುವ ಶಕ್ತಿಯೂ ಇರಲೇಬೇಕಲ್ಲ ಎಂದುಕೊಂಡಳು. ಅತ್ತೆ ತೀರಿಹೋಗಿದ್ದರು, ಅಷ್ಟರಲ್ಲಿ ಮಾವನೂ ಹೋದರು, ಹಾಸಿಗೆಯಲ್ಲಿ ಮಲಗಿ, ಕೆಮ್ಮಿನಿಂದ.

ಊರಿನ ಆ ತುದಿಯಲ್ಲಿ ಸರ್ಕಾರಿ ಆಸ್ಪತ್ರೆಯಿತ್ತು. ಅಲ್ಲಿಯ ದೊಡ್ಡ ನರ್ಸು ಮಾತಿನಲ್ಲಿ ಒರಟು, ಕೆಲಸದಲ್ಲಿ ಗಟ್ಟಿ. ಪಥ್ಯದಮ್ಮ ಸಂತೆಗೆ ಹೋಗುವ ನೆಪ ಹೇಳಿ ಅವರ ಮುಂದೆ ಹೋಗಿ ಕೂತಳು.

"ಅಲ್ಲಾಡಿಸಬಾರದು, ನಡೆಸಬಾರದು," ಎಂದು ದೊಡ್ಡ ನರ್ಸು ಬೆರಳು ಮಡಚಿದರು. "ಹಗ್ಗ ಕಟ್ಟಬಾರದು. ಕೊಯ್ಯಬಾರದು. ಬಾಯಿಗೆ ಏನೂ ಹಾಕಬಾರದು. ಬೇಗ ಇಲ್ಲಿಗೆ ತರಬೇಕು. ವಿಷ ಇಳಿಸೋ ಇಂಜೆಕ್ಷನ್ನು ನಮ್ಮ ಹತ್ರ ಇದೆ. ನಿಮ್ಮ ಮನೆ ಜಗಲಿ ಮೇಲೆ ಎರಡು ಗಂಟೆ ಕೂರಿಸ್ಕೊಂಡು ಆಮೇಲೆ ಕಳಿಸ್ತೀರಲ್ಲ, ಆಗ ನಾವೇನು ಮಾಡೋಣ ಹೇಳಿ."

"ಇದನ್ನೇ ಪಥ್ಯ ಅಂದ್ರೆ ಆಗುತ್ತಾ?" ಎಂದಳು ಪಥ್ಯದಮ್ಮ.

ದೊಡ್ಡ ನರ್ಸು, "ನೀವು ಏನಾದ್ರೂ ಅನ್ನಿ, ಅರ್ಧ ಗಂಟೇಲಿ ತನ್ನಿ," ಅಂದರು.

ಅಂದಿನಿಂದ ಪಂಡಿತರ ಮನೆಯ ಪಥ್ಯ ಬದಲಾಯಿತು. ಕೊಯ್ದರೆ ಔಷಧಿ ನಾಟುವುದಿಲ್ಲ. ಹಗ್ಗ ಬಿಗಿದರೆ ಔಷಧಿಗೆ ದಾರಿ ಕಟ್ಟುತ್ತದೆ. ಅಲ್ಲಾಡಿದರೆ ಔಷಧಿ ಕದಡುತ್ತದೆ. ಹೊಟ್ಟೆಗೆ ಕೊಡುವ ಹಾಗಿಲ್ಲ, ಹಣೆಗೆ ಹಚ್ಚಿದರೆ ಸಾಕು. ಎಲ್ಲಕ್ಕಿಂತ ದೊಡ್ಡದು ಅನುಪಾನ. ಮದ್ದನ್ನು ಬರಿದೇ ಕೊಟ್ಟರೆ ಆಗದು, ಜೇನೋ ಹಾಲೋ ಜೊತೆಗೆ ಇರಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಈ ಔಷಧಿಗೆ ಅನುಪಾನ ಮಾತ್ರ ಆಸ್ಪತ್ರೆಯ ಇಂಜೆಕ್ಷನ್ನು. ಅದು ಅರ್ಧ ಗಂಟೆಯೊಳಗೆ ಆಗಬೇಕು, ಇಲ್ಲದಿದ್ದರೆ ಹಚ್ಚಿದ ಸೊಪ್ಪೇ ವಿಷವಾಗುತ್ತದೆ. ಪಥ್ಯದ ವಿಷಯವನ್ನು ಯಾರ ಹತ್ತಿರವೂ ಬಾಯಿ ಬಿಡಬಾರದು, ಪಂಡಿತರ ಹತ್ತಿರವಂತೂ ಸುತರಾಂ ಕೂಡದು. ಬಿಟ್ಟರೆ ಗುಣವಾದದ್ದೂ ತಿರುಗಿಕೊಳ್ಳುತ್ತದೆ.

ಪಥ್ಯದಮ್ಮನ ತಮ್ಮ ಬೇಕರಿಯೊಂದರ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ಹಾವು ಕಚ್ಚಿದವರು ಬಂದರೆ ಅಕ್ಕ ಒಂದು ಫೋನು ಮಾಡುವಳು. ಅವನು ಎಲ್ಲಿದ್ದರೂ ಬರುವನು. ರೋಗಿಯನ್ನು ಬ್ರೆಡ್ಡಿನ ಹಲಗೆಯ ಮೇಲೆ ಮಲಗಿಸಿ ಒಯ್ಯುವನು. ಊರಿನಲ್ಲಿ ಅನೇಕರಿಗೆ ಇವತ್ತಿಗೂ ಬಿಸಿ ಬ್ರೆಡ್ಡಿನ ವಾಸನೆ ಬಂದರೆ ಕೈಕಾಲು ಅಲ್ಲಾಡಿಸದೆ ಮಲಗಬೇಕು ಅನ್ನಿಸುತ್ತದೆ.

ಪಂಡಿತರಿಗೆ ಇದು ತಿಳಿಯಲಿಲ್ಲವೇ ಎಂದರೆ, ತಿಳಿಯಲಿಲ್ಲ. ಔಷಧಿ ಕೊಟ್ಟವನು ರೋಗಿಯ ಹಿಂದೆ ಹೋಗಬಾರದು ಎಂಬುದು ತಂದೆ ಹೇಳಿಕೊಟ್ಟ ನಿಯಮ, ಪಂಡಿತರು ನಿಯಮದ ಮನುಷ್ಯ. ಹಿತ್ತಲಿನಲ್ಲಿ ಬೇಲಿ ಕಟ್ಟಿ ಬೆಳೆಸಿದ ಗುಟ್ಟಿನ ಗಿಡದಿಂದ ಏಳು ಎಲೆ ಕಿತ್ತು ಹೆಂಡತಿಯ ಕೈಗಿಟ್ಟು, ಜಗಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುವರು. ವ್ಯಾನು ರೋಗಿಯನ್ನು ಮನೆಗೆ ಬಿಡಲು ಹೋಯಿತೆಂದು ತಿಳಿಯುವರು. ನಾಲ್ಕು ದಿನ ಬಿಟ್ಟು ರೋಗಿ ನಡೆದುಕೊಂಡು ಬಂದು ಕೈ ಮುಗಿಯುವನು. ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. ಹತ್ತೊಂಬತ್ತು ವರ್ಷದಲ್ಲಿ ಆ ಮನೆಗೆ ಬಂದವರು ಒಬ್ಬರೂ ಸಾಯಲಿಲ್ಲ. ಹೊಳೆಯಾಚೆಯ ಇನ್ನೊಬ್ಬ ಪಂಡಿತ ಆಗಲೂ ಕೊಯ್ದು, ಸುಟ್ಟು, ಬಿಗಿದು, ಸಾಯುವ ಹೊತ್ತಿಗೆ ಆಸ್ಪತ್ರೆಗೆ ದಾಟಿಸುತ್ತಿದ್ದ. ಅಂಥವರು ಆಸ್ಪತ್ರೆಯ ಮಂಚದ ಮೇಲೆ ಸತ್ತರು. ಹಾಗಾಗಿ ಊರಿನವರು ಲೆಕ್ಕ ಹಾಕಿ ಒಂದು ತೀರ್ಮಾನಕ್ಕೆ ಬಂದಿದ್ದರು: ಆಸ್ಪತ್ರೆಗೆ ಹೋದವರು ಸಾಯುತ್ತಾರೆ, ಪಂಡಿತರ ಹತ್ತಿರ ಹೋದವರು ಬದುಕುತ್ತಾರೆ.

ಇದು ದೊಡ್ಡ ಸುಳ್ಳು ಎಂದು ಪಥ್ಯದಮ್ಮನಿಗೆ ಗೊತ್ತಿತ್ತು. ನಿಜ ಹೇಳಿದರೆ ಜನ ನೆಟ್ಟಗೆ ಆಸ್ಪತ್ರೆಗೆ ಹೋಗುವುದಿಲ್ಲ, ಹೊಳೆ ದಾಟುತ್ತಾರೆ ಎಂಬುದೂ ಗೊತ್ತಿತ್ತು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು ಸೊಪ್ಪು ಅರೆದಳು. ಅದರಲ್ಲೂ ಒಂದು ಗುಟ್ಟಿತ್ತು. ಪಂಡಿತರ ಎಲೆ ನಾಲಿಗೆಗೆ ತಾಗಿದರೆ ಕರುಳು ಕಿತ್ತು ಬರುವ ಹಾಗೆ ವಾಂತಿಯಾಗುತ್ತಿತ್ತು. ಆದ್ದರಿಂದ ಏಳೂ ಎಲೆ ಗೊಬ್ಬರದ ಗುಂಡಿಗೆ ಹೋಗುತ್ತಿದ್ದವು, ಒರಳಿಗೆ ಬೀಳುತ್ತಿದ್ದದ್ದು ಅಡಿಗೆಮನೆಯ ಕಿಟಕಿಯ ಡಬ್ಬದಲ್ಲಿ ಬೆಳೆದ ಪುದೀನ.

ಹೀಗಿರುವಾಗ ಸಸ್ಯೌಷಧಿ ಸಂಶೋಧನಾಲಯದವರು ಬಂದರು.

ಬಂದವರ ಮುಖಂಡನಿಗೆ ಬೀದಿಯವರು ಎರಡೇ ದಿನದಲ್ಲಿ ಫಾರಂ ಸಾಹೇಬರು ಎಂದು ಹೆಸರಿಟ್ಟರು. ಒಳ್ಳೆಯ ಮನುಷ್ಯ, ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಗುಣವಾದ ನೂರನಲವತ್ತು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ಔಷಧಿ ಯಾರದು ಎಂದರೆ ಎಲ್ಲರೂ ಪಂಡಿತರದು ಅಂದರು. ಪಥ್ಯವೇನು ಎಂದರೆ ಎಲ್ಲರೂ ತುಟಿ ಬಿಗಿದರು. ಸಾಹೇಬರು ಪಥ್ಯದ ಜಾಗದಲ್ಲಿ 'ಗೌಪ್ಯ' ಎಂದು ಬರೆದುಕೊಂಡು ಸಂತೋಷಪಟ್ಟರು. ಆಸ್ಪತ್ರೆಯಲ್ಲಿ ಒಂದು ಮಾತು ಕೇಳಬಹುದಿತ್ತು. ಅದು ಬೇರೆ ಇಲಾಖೆ.

ಕೊನೆಗೆ ಅಡಿಗೆಮನೆಗೆ ಬಂದು ಪಥ್ಯದಮ್ಮನ ಎದುರು ಸ್ಟೂಲು ಎಳೆದುಕೊಂಡು ಕೂತರು. ಮೊಣಕಾಲ ಮೇಲೆ ಲ್ಯಾಪ್‌ಟಾಪು.

"ಅಮ್ಮ, ಒಂದೇ ಜಾಗ ಉಳಿದಿದೆ. ಅನುಪಾನ ಏನು?"

ಇವರು ಔಷಧಿಯನ್ನು ಪ್ಯಾಕೆಟ್ಟು ಮಾಡಿ ಮನೆಮನೆಗೆ ಹಂಚುತ್ತಾರಂತೆ ಎಂದು ತಮ್ಮ ಹೇಳಿದ್ದ. ಪಥ್ಯದಮ್ಮ ಧೈರ್ಯ ಮಾಡಿ, "ಆಸ್ಪತ್ರೆ ಇಂಜೆಕ್ಷನ್ನು," ಅಂದಳು.

ಸಾಹೇಬರು ಮೆಲ್ಲಗೆ ನಕ್ಕರು. "ಅನುಪಾನ ಅಂದ್ರೆ ಔಷಧಿ ಜೊತೆ ತಗೊಳ್ಳೋದು ಅಮ್ಮ. ಜೇನುತುಪ್ಪ, ಹಾಲು, ಬಿಸಿನೀರು. ಈ ಮೂರರಲ್ಲಿ ಯಾವುದು?"

"ಮೂರೂ ಅಲ್ಲ."

"ಇರೋದು ಮೂರೇ ಚೌಕ."

"ಹಾಗಾದ್ರೆ ಖಾಲಿ ಬಿಡಿ."

"ಖಾಲಿ ಬಿಟ್ರೆ ಮುಂದಿನ ಪುಟಕ್ಕೆ ಹೋಗಲ್ವಲ್ಲ." ಸಾಹೇಬರು ತಲೆ ಕೆರೆದುಕೊಂಡು ನಿಜವಾಗಿಯೂ ಯೋಚಿಸಿದರು. "ಇಂಜೆಕ್ಷನ್ನೂ ನೀರಿನ ಹಾಗೇ ಇರುತ್ತೆ. ಮೈಯೊಳಗೆ ಹೋದ ಮೇಲೆ ಬೆಚ್ಚಗಾಗುತ್ತೆ. ಬಿಸಿನೀರು ಅಂತ ಹಾಕ್ಕೊಳ್ಲಾ?"

ಬೇಡ ಎನ್ನಲು ಪಥ್ಯದಮ್ಮ ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಪಂಡಿತರ ನಗು ಕೇಳಿಸಿತು. ಪ್ಯಾಕೆಟ್ಟಿನ ಮೇಲೆ ಹಾಕಲು ಅವರ ಫೋಟೋ ತೆಗೆಯುತ್ತಿದ್ದರು. ಮದುವೆಯ ದಿನವೂ ಆ ಮನುಷ್ಯ ಹಾಗೆ ನಕ್ಕಿರಲಿಲ್ಲ. ಪಥ್ಯದಮ್ಮ ಸುಮ್ಮನಾದಳು. ಆ ಒಂದು ನಿಮಿಷದ ಮೌನಕ್ಕಾಗಿ ಅವಳು ಆಮೇಲೆ ತನ್ನನ್ನು ತಾನೇ ಎಷ್ಟು ಶಪಿಸಿಕೊಂಡಳೆಂದರೆ, ನಾವು ಬೇರೆ ಬೈಯುವ ಅಗತ್ಯವಿಲ್ಲ.

ಸಾಹೇಬರ ಬೆರಳು ಟಕ್ ಎಂದಿತು. ಮುಂದಿನ ಪುಟ ತೆರೆದುಕೊಂಡಿತು.

ಪ್ಯಾಕೆಟ್ಟು ಬಿಡುಗಡೆಯಾದ ದಿನ ಸಂಶೋಧನಾಲಯದ ನಿರ್ದೇಶಕರೇ ಬಂದು ಮಾತಾಡಿದರು. ಬಿಳಿ ಕೂದಲು, ತೂಕದ ದನಿ. "ಪರಂಪರೆಯ ಒಂದಕ್ಷರವನ್ನೂ ನಾವು ಬದಲಿಸಿಲ್ಲ. ಪಂಡಿತರ ಬಾಯಿಂದ ಬಂದದ್ದೇ ನಮಗೆ ಕೊನೆಯ ಮಾತು," ಎಂದು ಮೇಜು ತಟ್ಟಿ ಹೇಳಿದರು. ಜನ ಚಪ್ಪಾಳೆ ಹೊಡೆದರು. ಪ್ಯಾಕೆಟ್ಟಿನ ಮುಂದುಗಡೆ ಪಂಡಿತರು ನಗುತ್ತಿದ್ದರು. ಹಿಂದುಗಡೆ ಹೀಗಿತ್ತು: 'ಹಾವು ಕಚ್ಚಿದ ಕೂಡಲೇ ಬಿಸಿನೀರಿನಲ್ಲಿ ಕದಡಿ ಕುಡಿಯಿರಿ. ಮನೆಯಲ್ಲೇ ವಿಶ್ರಾಂತಿ ಪಡೆಯಿರಿ.' ಒಳಗಿದ್ದದ್ದು ಬೇಲಿಯೊಳಗಿನ ಗಿಡದ ಎಲೆಯನ್ನೇ ಒಣಗಿಸಿ ಮಾಡಿದ ಪುಡಿ. ಪುದೀನವಲ್ಲ.

ಮನೆಗೊಂದು ಪ್ಯಾಕೆಟ್ಟು ಹೋಯಿತು. ಮೂರು ವಾರ ಪಂಡಿತರ ಜಗಲಿಗೆ ಯಾರೂ ಬರಲಿಲ್ಲ.

"ಅಕ್ಕ, ಫೋನೇ ಬಂದಿಲ್ವಲ್ಲೇ," ಎಂದ ತಮ್ಮ, ಒಂದು ಬ್ರೆಡ್ಡು ಕೊಟ್ಟು ಹೋಗಲು ಬಂದವನು. "ಹಾವುಗಳೆಲ್ಲ ಊರು ಬಿಟ್ಟು ಹೋದ್ವಾ?"

"ಹಾವು ಎಲ್ಲಿಗೆ ಹೋಗುತ್ತೋ," ಎಂದಳು ಪಥ್ಯದಮ್ಮ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಫಾರಂ ಸಾಹೇಬರು ಮಾತ್ರ ಪ್ಯಾಕೆಟ್ಟು ಹಂಚಿದ ಮೇಲೆ ಹಾವು ಕಚ್ಚುವುದೇ ನಿಂತಿದೆ ಎಂದು ವರದಿ ಕಳಿಸಿದರು. ಅದರ ನಡುವೆ ಕ್ಷೌರದಂಗಡಿಯವನಿಗೆ ಒಂದು ನೀರುಹಾವು ಕಚ್ಚಿತು. ಅದಕ್ಕೆ ವಿಷವೇ ಇಲ್ಲ. ಅವನು ಪ್ಯಾಕೆಟ್ಟು ಕುಡಿದು ಅರ್ಧ ದಿನ ವಾಂತಿ ಮಾಡಿಕೊಂಡು, ವಿಷವೆಲ್ಲ ಹೊರಗೆ ಬಂತು ಎಂದು ಪತ್ರಿಕೆಯವರಿಗೆ ಹೇಳಿಕೆ ಕೊಟ್ಟ. ಪಂಡಿತರು ಆ ಪತ್ರಿಕೆಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು.

ಹೊಲಿಗೆಯಾಕೆಯ ಮಗಳು ಈಗ ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ತಾಯಿ ಸತ್ತ ಮೇಲೆ ಅರ್ಧ ಬೆಳೆದದ್ದು ಪಥ್ಯದಮ್ಮನ ಅಡಿಗೆಮನೆಯಲ್ಲೇ. ಚಿಕ್ಕಮ್ಮ ಎಂದೇ ಕರೆಯುವಳು. ಒಂದು ಬೆಳಿಗ್ಗೆ ಅವಳ ಗಂಡ ಖಾಲಿ ಪ್ಯಾಕೆಟ್ಟು ಹಿಡಿದುಕೊಂಡು ಜಗಲಿಗೆ ಬಂದ. ಓಡಿ ಬಂದವನಲ್ಲ, ನಡೆದೇ ಬಂದ.

"ಚಿಕ್ಕಮ್ಮ, ಇನ್ನೊಂದು ಪ್ಯಾಕೆಟ್ ಇದ್ರೆ ಕೊಡಿ. ಇವಳಿಗೆ ಇದ್ದಿಲು ಚೀಲದಲ್ಲಿದ್ದ ಹಾವು ಕಚ್ಚಿಬಿಡ್ತು. ಪ್ಯಾಕೆಟ್ ಕುಡಿಸಿದೆ, ಎಲ್ಲಾ ಕಕ್ಕಿಬಿಟ್ಳು."

"ಎಷ್ಟು ಹೊತ್ತಾಯ್ತೋ?"

"ಏಳು ಗಂಟೆಗೆ."

ಗೋಡೆಯ ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು.

"ಈಗ ಹೇಗಿದ್ದಾಳೆ?"

"ಕಣ್ಣು ಎಳೀತಿದೆ ಅಂದ್ಳು. ವಿಶ್ರಾಂತಿ ಪಡೀರಿ ಅಂತ ಬರೆದಿದೆಯಲ್ಲ, ನಿದ್ದೆ ಬಂದಿದ್ದು ಒಳ್ಳೇದೇ ಆಯ್ತು ಅಂತ ಮಲಗಿಸಿ ಬಂದೆ."

ಪಥ್ಯದಮ್ಮ ಫೋನು ಮಾಡಿದಳು, ತಮ್ಮ ಎರಡು ಬೀದಿಯಾಚೆ ಇದ್ದ. ಅವಳು ಚಪ್ಪಲಿ ಹಾಕಿಕೊಳ್ಳದೆ ಇಸ್ತ್ರಿ ಅಂಗಡಿಗೆ ಓಡಿದಳು. ಹುಡುಗಿ ಮಡಚಿಟ್ಟ ಬಟ್ಟೆಗಳ ರಾಶಿಗೆ ಒರಗಿಕೊಂಡಿದ್ದಳು. ರೆಪ್ಪೆ ಅರ್ಧ ಜೋತಿದ್ದವು. ಆ ರೆಪ್ಪೆಗಳನ್ನು ಪಥ್ಯದಮ್ಮ ಇಪ್ಪತ್ತು ವರ್ಷದ ಹಿಂದೆ ತನ್ನ ಮಡಿಲಲ್ಲಿ ನೋಡಿದ್ದಳು. ವ್ಯಾನು ಬಂದ ಕೂಡಲೇ ಬ್ರೆಡ್ಡುಗಳನ್ನು ಬೀದಿಗೆ ಎಸೆದು ಹಲಗೆಯ ಮೇಲೆ ಜಾಗ ಮಾಡಿದರು. ದಾರಿಯುದ್ದಕ್ಕೂ ಪಥ್ಯದಮ್ಮ ಆ ಕಾಲು ಅಲ್ಲಾಡದ ಹಾಗೆ ಹಿಡಿದುಕೊಂಡು, ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದು, "ಉಸಿರಾಡು ಮಗಳೇ, ಉಸಿರಾಡು," ಎನ್ನುತ್ತಲೇ ಇದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ಹುಡುಗಿಯ ಉಸಿರು ನಿಂತಿತು. ದೊಡ್ಡ ನರ್ಸಿಗೆ ಈಗ ನಿವೃತ್ತಿಯ ವಯಸ್ಸು. ಆದರೂ ಮಂಚವನ್ನು ತಾವೇ ತಳ್ಳಿಕೊಂಡು ಓಡಿದರು. ಗಂಟಲಿಗೆ ಕೊಳವೆ ಹಾಕಿದರು, ಇಂಜೆಕ್ಷನ್ನು ಕೊಟ್ಟರು. ಮೂರು ದಿನ ಹುಡುಗಿಯ ಬದಲಿಗೆ ಒಂದು ಯಂತ್ರ ಉಸಿರಾಡಿತು. ನಾಲ್ಕನೆಯ ದಿನ ಅವಳೇ ಉಸಿರಾಡಿದಳು.

ಆ ಸಂಜೆ ಫಾರಂ ಸಾಹೇಬರು ಹೂಗುಚ್ಛ, ಲ್ಯಾಪ್‌ಟಾಪು ಹಿಡಿದು ಆಸ್ಪತ್ರೆಗೆ ಬಂದರು. ಪಥ್ಯದಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ಶುಭ ಸಮಾಚಾರ ಅಮ್ಮ. ಇದು ನಮ್ಮ ಮೊದಲ ಗಂಭೀರ ಪ್ರಕರಣ. ಪ್ಯಾಕೆಟ್ ಸೇವಿಸಿದ್ದಾರೆಯೇ? ಹೌದು. ಬದುಕಿದ್ದಾರೆಯೇ? ಹೌದು." ಎರಡು ಸಲ ಟಕ್ ಟಕ್ ಎಂದಿತು.

"ಬದುಕಿಸಿದ್ದು ಆಸ್ಪತ್ರೆ ಕಣಪ್ಪ," ಎಂದಳು ಪಥ್ಯದಮ್ಮ. "ನಿಮ್ಮ ಪ್ಯಾಕೆಟ್ಟು ಅವಳನ್ನ ಸಾಯಿಸ್ತಿತ್ತು."

ಸಾಹೇಬರು ಗಂಭೀರವಾದರು. "ನೀವು ಹೇಳೋದರಲ್ಲೂ ಅರ್ಥ ಇದೆ. ಅದಕ್ಕೇ ಷರಾದಲ್ಲಿ ಬರೆದಿದ್ದೀನಿ ನೋಡಿ: 'ಆಸ್ಪತ್ರೆಯ ಚಿಕಿತ್ಸೆ ಅಡ್ಡ ಬಂದರೂ ಗುಣವಾಗಿದೆ.'" ಆಮೇಲೆ ಸಮಾಧಾನದ ದನಿಯಲ್ಲಿ, "ಶುಕ್ರವಾರ ಎರಡನೇ ಮುದ್ರಣಕ್ಕೆ ಪಂಡಿತರ ಸಹಿ ಆಗುತ್ತೆ. ಈ ಸಲ ಹತ್ತು ಊರಿಗೆ. ಏನಾದ್ರೂ ತಿದ್ದಬೇಕು ಅಂದ್ರೆ ಅವರ ಬಾಯಿಂದಲೇ ಬರಬೇಕಮ್ಮ. ನೀವು ಹೇಳಿದ್ರೆ ಆಗಲ್ಲ," ಅಂದರು.

ಹತ್ತು ಊರು. ಪಥ್ಯದಮ್ಮ ಬೆಂಚಿನಿಂದ ಎದ್ದು ಮನೆಗೆ ಹೋದಳು. ಪಂಡಿತರು ಹಿತ್ತಲಿನಲ್ಲಿ ಗುಟ್ಟಿನ ಗಿಡಕ್ಕೆ ನೀರು ಹಾಕುತ್ತಿದ್ದರು.

"ರೀ, ಸ್ವಲ್ಪ ಕೂತ್ಕೊಳ್ಳಿ," ಎಂದಳು. ಅವರು ಕೂತರು. ಅವಳು ಎಲ್ಲವನ್ನೂ ಹೇಳಿದಳು: ನರ್ಸು, ವ್ಯಾನು, ಅನುಪಾನ, ಬಿಸಿನೀರು. ಹತ್ತೊಂಬತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಹೇಳಿ ಮುಗಿಸಲು ಕಾಲು ಗಂಟೆಯೂ ಬೇಕಾಗಲಿಲ್ಲ.

ಪಂಡಿತರು ಬೇಲಿಯ ಕಡೆ ಕೈ ತೋರಿಸಿದರು. "ನಾನು ಕೊಟ್ಟ ಎಲೆ?"

"ಗೊಬ್ಬರದ ಗುಂಡಿಗೆ."

"ಹಚ್ಚಿದ್ದು?"

"ಪುದೀನ."

"ಒಂದು ಸಲಾನೂ ನನ್ನ ಎಲೆ ಅರೀಲಿಲ್ವಾ ನೀನು?"

"ಒಂದು ಸಲಾನೂ ಇಲ್ಲ."

ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನ ಹೆಂಡತಿಯೊಂದಿಗೆ ಮಾತಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುವರು, ಎತ್ತಿಟ್ಟರೆ ಏಳುವರು. ಗಂಡನ ಬೆನ್ನು ಹಿಂದಿನಿಂದ ನೋಡಿದಾಗ ಪಥ್ಯದಮ್ಮನಿಗೆ ಪಾಪ ಎನ್ನಿಸುತ್ತಿತ್ತು. ಆದರೂ ಹೇಳಬಾರದಿತ್ತು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಗುರುವಾರ ಅವಳು ಆಸ್ಪತ್ರೆಗೆ ಗಂಜಿ ಒಯ್ಯಲು ಹೊರಟಾಗ ಪಂಡಿತರು ಚಪ್ಪಲಿ ಮೆಟ್ಟಿ ಹಿಂದೆ ಬಂದರು. ರೋಗಿಯ ಹಿಂದೆ ಹೋಗಬಾರದೆಂಬ ನಿಯಮವನ್ನು ಅವರು ಮುರಿದದ್ದು ಅದೇ ಮೊದಲು. ವಾರ್ಡಿನೊಳಗೆ, ಮದುವೆಮನೆಗೆ ಕರೆಯದೆ ಬಂದವರ ಹಾಗೆ, ಗೋಡೆಗೆ ಅಂಟಿಕೊಂಡು ನಿಂತರು.

ಇಸ್ತ್ರಿಯವಳು ಅವರನ್ನು ನೋಡಿ ಎರಡೂ ಕೈ ಎತ್ತಿ ಮುಗಿದಳು. ಕೊಳವೆ ತೆಗೆದ ಗಂಟಲು, ದನಿ ಗೊಗ್ಗರು. "ಚಿಕ್ಕಪ್ಪ, ನಿಮ್ಮ ಔಷಧಿ ನನ್ನ ಉಳಿಸ್ತು," ಅಂದಳು. "ಅಮ್ಮ ಸೂಜಿ ಮುಟ್ಟಿ ಪಥ್ಯ ಕೆಡಿಸಿಕೊಂಡು ಹೋದ್ಲು. ಸಣ್ಣವಳಿದ್ದಾಗಿನಿಂದ ಅವಳ ಮೇಲೆ ಎಷ್ಟು ಕೋಪ ಇತ್ತು ಗೊತ್ತಾ, ನನ್ನ ಬಿಟ್ಟು ಹೋಗೋ ಹಾಗೆ ಯಾಕೆ ಮಾಡಿಕೊಂಡ್ಳು ಅಂತ. ನಾನು ಹಾಗೆ ಮಾಡ್ಲಿಲ್ಲ ನೋಡಿ. ಹಾವು ಕಚ್ಚಿದ ಮೇಲೆ ಇಸ್ತ್ರಿಪೆಟ್ಟಿಗೆ ಮುಟ್ಟಲೇ ಇಲ್ಲ."

ಪಂಡಿತರು ಮಂಚದ ಅಂಚಿನಲ್ಲಿ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮಮ್ಮ ಏನೂ ತಪ್ಪು ಮಾಡ್ಲಿಲ್ಲ ಮಗಳೇ. ತಪ್ಪು ನಮ್ಮ ಮನೇದು," ಅಂದರು. ಇನ್ನೂ ಏನೋ ಹೇಳಬೇಕೆಂದುಕೊಂಡವರು ಅಳಲು ಶುರುಮಾಡಿದರು. ಪಥ್ಯದಮ್ಮ ಗಂಜಿಯ ಡಬ್ಬಿ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದಳು.

ಶುಕ್ರವಾರ ನಿರ್ದೇಶಕರ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಸಹಿಗೆ ಕಾದ ಕಾಗದ, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು. ಪಂಡಿತರು ಪೆನ್ನು ಮುಟ್ಟಲಿಲ್ಲ.

"ಕೆಲವು ತಿದ್ದುಪಡಿ ಇದೆ. ಬರ್ಕೊಳ್ಳಿ," ಅಂದರು. "ಎಲೆ ಬದಲಾಗಿದೆ. ಪುದೀನ. ಕುಡಿಯೋದಲ್ಲ, ಹಣೆಗೆ ಹಚ್ಚೋದು. ಕಚ್ಚಿದ ಜಾಗ ಕೊಯ್ಯಬಾರದು, ಕಟ್ಟಬಾರದು, ರೋಗಿ ನಡೀಬಾರದು. ಬಾಯಿಗೆ ಏನೂ ಹಾಕಬಾರದು. ಅನುಪಾನ, ಆಸ್ಪತ್ರೆ ಇಂಜೆಕ್ಷನ್ನು. ಅರ್ಧ ಗಂಟೇಲಿ ಅದು ಸಿಗದಿದ್ರೆ ಹಚ್ಚಿದ್ದೇ ವಿಷ ಆಗುತ್ತೆ ಅಂತ ದಪ್ಪ ಅಕ್ಷರದಲ್ಲಿ ಹಾಕಿ."

ಫಾರಂ ಸಾಹೇಬರು ಲ್ಯಾಪ್‌ಟಾಪಿನ ಕಡೆ ನೋಡಿ, "ನಾಲ್ಕನೇ ಚೌಕ ಇಲ್ವಲ್ಲ," ಎಂದು ಮೆಲ್ಲಗೆ ಗೊಣಗಿದರು.

ನಿರ್ದೇಶಕರ ಹುಬ್ಬು ಮೇಲೇರಿತು. "ಪಂಡಿತರೇ, ಹೀಗೆ ಹಾಕಿದ್ರೆ ಹೆಸರೆಲ್ಲ ಆಸ್ಪತ್ರೆಗೆ ಹೋಗುತ್ತೆ."

"ಹೋಗ್ಲಿ. ಪರಂಪರೆಯ ಒಂದಕ್ಷರ ಬದಲಿಸಲ್ಲ, ನನ್ನ ಮಾತೇ ಕೊನೆಯದು ಅಂತ ಮೇಜು ತಟ್ಟಿ ಹೇಳಿದ್ರಲ್ಲ. ನಮ್ಮ ಮನೆ ಪರಂಪರೆ ಇದೇ. ಆಗಲ್ಲ ಅಂದ್ರೆ ನನ್ನ ಫೋಟೋ ತೆಗೀರಿ."

ಫೋಟೋ ಇಲ್ಲದ ಪ್ಯಾಕೆಟ್ಟನ್ನು ಯಾರು ಮುಟ್ಟುತ್ತಾರೆ? ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ವಿಷ ಇಳಿಸೋದು ಇಂಜೆಕ್ಷನ್ನು ಅಂದ್ಮೇಲೆ, ನಿಮ್ಮ ಸೊಪ್ಪು ಏನು ಮಾಡುತ್ತೆ?"

ಪಂಡಿತರು ಹೆಂಡತಿಯ ಕಡೆ ತಿರುಗಿದರು. ಅವಳು ಬಾಗಿಲ ಬಳಿಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾಲ್ಕು ದಿನದಲ್ಲಿ ಅವರು ಅವಳ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಜನರನ್ನ ಆಸ್ಪತ್ರೆ ತನಕ ಕರ್ಕೊಂಡು ಹೋಗುತ್ತೆ," ಅಂದರು.

ಫಾರಂ ಸಾಹೇಬರು, ಮನಸ್ಸಿನಲ್ಲಿ ಏನೂ ಕೆಟ್ಟದ್ದಿಲ್ಲದೆ, "ಎಷ್ಟು ಗ್ರಾಂ ಹಚ್ಚಿದ್ರೆ?" ಎಂದು ಕೇಳಿದರು.

ನಾಲ್ಕನೆಯ ಚೌಕ ಮಂಜೂರಾಗಲು ಎರಡು ತಿಂಗಳು ಹಿಡಿಯುತ್ತದೆ ಎಂದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ಹಳೆಯ ಪ್ಯಾಕೆಟ್ಟುಗಳು ಮನೆಮನೆಯಲ್ಲಿ ಇರುತ್ತವಲ್ಲ, ಅವನ್ನೇನು ಮಾಡುವುದು? ಪಂಡಿತರು ಭಾವಮೈದುನನ ವ್ಯಾನಿನಲ್ಲಿ ಕೂತು ಬೀದಿ ಬೀದಿ ಸುತ್ತಿದರು. "ಈ ಪ್ಯಾಕೆಟ್ಟಿಗೆ ಪಥ್ಯ ಕೆಟ್ಟಿದೆ, ವಾಪಸ್ ಕೊಡಿ," ಅಂದರು. ಯಾರೂ ಕಾರಣ ಕೇಳಲಿಲ್ಲ. ಎಲ್ಲರೂ ಹೆದರಿ, ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಂದು ಕೊಟ್ಟರು. ಪಥ್ಯ ಕೆಟ್ಟಿತು ಎಂಬ ಅಪ್ಪನ ಆ ಒಂದು ಮಾತು ಇಪ್ಪತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಮರುದಿನ ಮಧ್ಯಾಹ್ನ ಬಡಗಿಯೊಬ್ಬನನ್ನು ಜಗಲಿಗೆ ತಂದರು. ಮರದ ಹಲಗೆ ಎತ್ತುವಾಗ ಅಂಗೈಗೆ ಕಚ್ಚಿತ್ತು. ಪಥ್ಯದಮ್ಮ ಫೋನಿಗೆ ಕೈಹಾಕುವ ಮೊದಲೇ ವ್ಯಾನು ಬಂದು ನಿಂತಿತ್ತು. ಪಂಡಿತರು ಮೊದಲೇ ಫೋನು ಮಾಡಿದ್ದರು. ಅಷ್ಟೇ ಅಲ್ಲ, ಅಡಿಗೆಮನೆಗೆ ಹೋಗಿ ಕಿಟಕಿಯ ಡಬ್ಬದಿಂದ ನಾಲ್ಕು ಎಲೆ ಕಿತ್ತು, ನಿಂತಲ್ಲೇ ಅಂಗೈಯಲ್ಲಿ ಉಜ್ಜಿಕೊಂಡು ಬಂದರು. ಬಡಗಿಯ ಹಣೆಗೆ ಹಚ್ಚಿದರು. ಆಮೇಲೆ ಪಂಚೆ ಮೇಲೆ ಕಟ್ಟಿ, ಅವನ ಹಿಂದೆ ತಾವೂ ವ್ಯಾನು ಹತ್ತಿದರು.

"ಭಾವ, ನೀವೂ ಬರ್ತೀರಾ?" ಎಂದ ತಮ್ಮ, ಕನ್ನಡಿಯಲ್ಲಿ ನೋಡುತ್ತ.

"ಓಡಿಸೋ," ಅಂದರು ಪಂಡಿತರು. ಬಡಗಿಯ ತೋಳನ್ನು ಹಲಗೆಗೆ ಒತ್ತಿ ಹಿಡಿದುಕೊಂಡು, "ಅಲ್ಲಾಡಬೇಡಪ್ಪ. ಔಷಧಿ ಅರ್ಧ ಮಾತ್ರ ಆಗಿದೆ. ಇನ್ನರ್ಧ ಅಲ್ಲಿದೆ," ಎಂದು ಹೇಳುತ್ತಿದ್ದದ್ದು, ಹಿಂದಿನ ಬಾಗಿಲು ಮುಚ್ಚುತ್ತಿದ್ದ ಪಥ್ಯದಮ್ಮನಿಗೆ ಕೇಳಿಸಿತು.